ಎರೆಹೊಲಕ್ಕೆ ಇಳಿಯುವ ಪಿಕಪ್ಪು

ಮಾತನಾಡುವವರು ಇಬ್ಬರು. ಒಬ್ಬ ಪಿಕಪ್ಪಿನ ಮಾಲೀಕ, ವಯಸ್ಸಿನಲ್ಲಿ ಕಿರಿಯ. ಇನ್ನೊಬ್ಬರು ಗಾಡಿಯ ಒಳಹೊರಗು ಬಲ್ಲ ಹಿರಿಯರು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲದ ದಾರಿಯೇ ಮಾತಿನ ವಿಷಯ.

ತಮ್ಮ: ಕಾಕಾ, ಮಳೆಗಾಲ ಹಿಡಿಯೋದರೊಳಗೆ ಪಿಕಪ್ಪಿಗೆ ಒಂದಿಷ್ಟು ಕೆಲಸ ಮಾಡಿಸಬೇಕು ಅಂತಿದ್ದೀನಿ. ಮುಂದೆ ಕಬ್ಬಿಣದ ಗಾರ್ಡು, ಹಿಂದೆ ಸ್ಪ್ರಿಂಗಿನ ಎರಡು ಪಾಟಾ ಹೆಚ್ಚಿಗೆ, ಮೇಲೆ ಎತ್ತರದ ಜಾಲಿ, ಕೆಳಗೆ ದೊಡ್ಡ ಟೈರು. ಅಷ್ಟಾದರೆ ಯಾವ ಹೊಲಕ್ಕಾದರೂ ಇಳಿಸಬಹುದು. ಏನಂತೀರಿ?

ಕಾಕಾ: ನೀನು ಎಣಿಸಿದ ನಾಲ್ಕೂ ಗಾಡಿಯ ತೂಕ ಹೆಚ್ಚಿಸುವಂಥವು, ತಮ್ಮಾ. ನಮ್ಮ ಕಡೆಯ ನೆಲದಲ್ಲಿ ಗಾಡಿ ಸೋಲುವುದು ಎಂಜಿನ್ನಿಗೆ ಶಕ್ತಿ ಸಾಲದೆ ಅಲ್ಲ, ಮಣ್ಣು ಭಾರ ತಾಳದೆ. ಹಾಗಾಗಿ ಹೊಲಕ್ಕಿಳಿಯುವ ಪಿಕಪ್ಪನ್ನು ಸುಧಾರಿಸುವವನು ಮೊದಲು ತೂಕ ಇಳಿಸಬೇಕು, ಆಮೇಲೆ ನೆಲಕ್ಕೆ ತಾಗುವ ಭಾಗ ನೋಡಿಕೊಳ್ಳಬೇಕು, ಏನಾದರೂ ಕೂಡಿಸುವುದು ಕೊನೆಗೆ. ಮಣ್ಣಿನಿಂದಲೇ ಶುರು ಮಾಡೋಣ. ಸವಣೂರಿನ ಕಡೆ ಎರೆ ಹೆಚ್ಚು. ಹಾನಗಲ್ಲಿನ ಪಡುವಣ ಭಾಗ ಮುಂಡಗೋಡ, ಶಿರಸಿಯ ಮಲೆನಾಡಿಗೆ ಹತ್ತಿಕೊಂಡಿದ್ದು. ಅಲ್ಲಿ ಕೆಂಪು ಮಣ್ಣು, ಭತ್ತದ ಗದ್ದೆ, ಮಾವಿನ ತೋಟ. ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಕಲ್ಲಿನ ಹಾಗಿದ್ದ ಹೊಲ, ಎರಡು ಒಳ್ಳೆ ಮಳೆಗೆ ನಾದಿದ ಕಣಕವಾಗುತ್ತದೆ. ಈಗ ಅದರ ಮೇಲೆ ಗಾಲಿ ಇಡು. ಮಾಲು ಹೇರಿದ ಪಿಕಪ್ಪಿನ ಹಿಂದಿನ ಒಂದು ಗಾಲಿಯ ಮೇಲೆ 700 ಕಿಲೋ ಭಾರ ಇದೆ ಎಂದುಕೋ. ಟೈರಿನಲ್ಲಿ 50 ಪೌಂಡ್ ಗಾಳಿ ಇದ್ದರೆ ಅದು ನೆಲವನ್ನು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋದಂತೆ ಒತ್ತುತ್ತದೆ. 700ನ್ನು ಮೂರೂವರೆಯಿಂದ ಭಾಗಿಸಿದರೆ ಸಿಗುವುದು 200 ಚದರ ಸೆಂಟಿಮೀಟರ್. ಅಂದರೆ ಹತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಉದ್ದ; ಬೆರಳು ಬಿಡಿಸಿ ಇಟ್ಟ ಒಂದು ಕೈಗಿಂತ ತುಸು ದೊಡ್ಡದು, ಅಷ್ಟೆ. ಟೈರಿನ ಗೋಡೆಯ ಬಿಗುವಿಗೆ ಈ ಲೆಕ್ಕ ಸ್ವಲ್ಪ ಆಚೀಚೆ ಆದೀತು, ಆದರೆ ಅಳತೆ ಇಷ್ಟೇ. ಏಳು ಕ್ವಿಂಟಲ್ ಒಂದು ಕೈಯಗಲದ ಮೇಲೆ ನಿಂತಿದೆ. ಕಣಕದ ಮೇಲೆ ನಿಂತಿದೆ.

ತಮ್ಮ: ಅದಕ್ಕೇ ಅಲ್ಲವೇ ಕಾಕಾ ದೊಡ್ಡ ಟೈರು ಬೇಕು ಅನ್ನೋದು? ಅಗಲ ಹೆಚ್ಚಿದರೆ ಭಾರ ಹರಡುತ್ತದೆ. ಅದರಲ್ಲೂ ಕೆಸರಿನ ಟೈರು, ದಪ್ಪ ದಪ್ಪ ಹಲ್ಲಿನದು.

ಕಾಕಾ: ಭಾರ ಹರಡಬೇಕು ಅನ್ನುವುದು ನಿಜ. ಆದರೆ ಹರಡುವುದು ಗಾಳಿಯ ಒತ್ತಡ ಇಳಿಸಿದಾಗ. ಮೊದಲಿನ ಲೆಕ್ಕದಲ್ಲೇ 50ರ ಬದಲು 25 ಪೌಂಡ್ ಗಾಳಿ ಇಟ್ಟರೆ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಎರಡು ಪಟ್ಟು. ಹೊಸ ಟೈರಿಗೆ ಹತ್ತಾರು ಸಾವಿರ ಸುರಿಯದೆ ಸಿಗುವ ಲಾಭ ಇದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ‘ಡಕ್’ ಎಂಬ ಟ್ರಕ್ಕು ನೀರಿನಲ್ಲೂ ನೆಲದಲ್ಲೂ ಓಡುತ್ತಿತ್ತು. ಅದರ ಚಾಲಕ ಕೂತ ಜಾಗದಿಂದಲೇ ಟೈರಿನ ಗಾಳಿ ಇಳಿಸಿ ಸಮುದ್ರತೀರದ ಮರಳು ಹತ್ತಿಸಿ, ಗಟ್ಟಿ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿಕೊಳ್ಳಬಹುದಿತ್ತು. ಅಷ್ಟು ದೂರ ಯಾಕೆ, ನಮ್ಮ ಚಕ್ಕಡಿಯನ್ನೇ ನೋಡು. ಕಬ್ಬಿಣದ ಪಟ್ಟಿ ಬಿಗಿದ ಸಣ್ಣ ಅಗಲದ ಗಾಲಿ ಹಸಿ ಎರೆಯನ್ನು ಚಾಕುವಿನ ಹಾಗೆ ಕೊಯ್ಯುತ್ತಿತ್ತು; ರಬ್ಬರ್ ಗಾಲಿಯ ಡನ್‌ಲಪ್ ಗಾಡಿ ಬಂದ ಮೇಲೆ ಅದೇ ಎತ್ತುಗಳು ಹೆಚ್ಚು ಮಾಲು ಎಳೆದವು. ಎತ್ತಿನ ಶಕ್ತಿ ಹೆಚ್ಚಲಿಲ್ಲ, ಗಾಲಿ ನೆಲದ ಮೇಲೆ ನಿಲ್ಲುವ ಬಗೆ ಬದಲಾಯಿತು. ಆದರೆ ಒಂದು ಕಟ್ಟು ನೆನಪಿಡು. ಗಾಳಿ ಇಳಿಸಿದ ಟೈರಿನ ಗೋಡೆ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ. ಪೂರ್ತಿ ಮಾಲು ಹೇರಿ, ಗಾಳಿ ಇಳಿಸಿ, ಹೆದ್ದಾರಿಯಲ್ಲಿ ಓಡಿಸಿದರೆ ಟೈರು ಸಿಡಿಯುತ್ತದೆ. ಹೊಲದ ಆ ಒಂದು ಕಿಲೋಮೀಟರಿಗೆ ಮಾತ್ರ ಇಳಿಸಬೇಕು, ನಡೆಯುವಷ್ಟು ನಿಧಾನವಾಗಿ ಹೋಗಬೇಕು, ಡಾಂಬರು ಮುಟ್ಟುವ ಮೊದಲು ತುಂಬಬೇಕು. ಅದಕ್ಕೆ ಬೇಕಾದ್ದು ಗಾಳಿ ಅಳೆಯುವ ಒಂದು ಗೇಜು, ಬ್ಯಾಟರಿಯಿಂದ ಓಡುವ ಒಂದು ಸಣ್ಣ ಕಂಪ್ರೆಸರು. ಇನ್ನು ದಪ್ಪ ಹಲ್ಲಿನ ಟೈರು. ಹಲ್ಲಿನ ಸಂದಿಯಲ್ಲಿ ಸಿಕ್ಕ ಮಣ್ಣು ಉದುರಿದರೆ ಮಾತ್ರ ಹಲ್ಲಿಗೆ ಕೆಲಸ. ಎರೆ ಉದುರುವುದಿಲ್ಲ, ಮೆತ್ತಿಕೊಳ್ಳುತ್ತದೆ. ನಾಲ್ಕು ಸುತ್ತಿಗೆ ಎಂಥ ಟೈರೂ ನುಣ್ಣಗಿನ ಉಂಡೆಯಾಗುತ್ತದೆ. ಅದನ್ನು ಉದುರಿಸಲು ಗಾಲಿ ಜೋರಾಗಿ ತಿರುಗಿಸಬೇಕು, ತಿರುಗಿಸಿದರೆ ಗುಂಡಿ ತೋಡಿಕೊಳ್ಳುತ್ತದೆ. ಅದಲ್ಲದೆ ನಿನ್ನ ಗಾಡಿ ಕೆಸರಿನಲ್ಲಿ ಓಡುವುದು ಒಂದೆರಡು ಕಿಲೋಮೀಟರ್, ಡಾಂಬರಿನ ಮೇಲೆ ಹತ್ತಾರು ಕಿಲೋಮೀಟರ್. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಹೋಗುವ 48ನೆಯ ಹೆದ್ದಾರಿಯಲ್ಲಿ ಕೆಸರಿನ ಟೈರು ಬೇಗ ಸವೆಯುತ್ತದೆ, ಸದ್ದು ಮಾಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿಯುವುದೂ ಕಡಿಮೆ. ಎರಡಕ್ಕೂ ನಡೆಯುವ ಮಧ್ಯಮ ಹಲ್ಲಿನ, ನಿನ್ನ ಭಾರಕ್ಕೆ ತಕ್ಕ ಟೈರು ಸಾಕು. ಭಾರಕ್ಕೆ ತಕ್ಕದ್ದು ಅನ್ನುವುದನ್ನು ಟೈರಿನ ಗೋಡೆಯ ಮೇಲಿನ ಸಂಖ್ಯೆ ಹೇಳುತ್ತದೆ. ಅಲ್ಲಿ 100 ಅಂತ ಇದ್ದರೆ ಆ ಒಂದು ಟೈರು 800 ಕಿಲೋ ಹೊರಬಲ್ಲದು ಎಂದು ಅರ್ಥ.

ತಮ್ಮ: ತೂಕವೇ ಶತ್ರು ಅಂತೀರಿ. ಆದರೆ ಖಾಲಿ ಪಿಕಪ್ಪೇ ಹೆಚ್ಚು ಜಾರುತ್ತದೆ ಅನ್ನುವುದು ಎಲ್ಲ ಡ್ರೈವರುಗಳಿಗೂ ಗೊತ್ತು. ಹಿಂದೆ ಭಾರ ಇದ್ದರೇ ಗಾಲಿಗೆ ಹಿಡಿತ.

ಕಾಕಾ: ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಜಾರುವುದು ಬೇರೆ, ಹುಗಿಯುವುದು ಬೇರೆ. ಹಾನಗಲ್ಲಿನ ಕಡೆಯ ಗರಸು ಹಾಕಿದ ದಾರಿಯಲ್ಲಿ ಮೇಲೊಂದು ತೆಳ್ಳನೆಯ ರಾಡಿ, ಅದರ ಕೆಳಗೆ ಗಟ್ಟಿ ನೆಲ. ಅಲ್ಲಿ ಹಿಂದಿನ ಗಾಲಿಯ ಮೇಲೆ ಭಾರ ಬಿದ್ದರೆ ಟೈರು ರಾಡಿಯನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ, ಹಿಡಿತ ಸಿಗುತ್ತದೆ. ಹಿಂದಿನ ಗಾಲಿಯಿಂದ ಓಡುವ ಪಿಕಪ್ಪು ಖಾಲಿ ಇದ್ದಾಗ ಎಂಜಿನ್ನಿನ ಭಾರವೆಲ್ಲ ಮುಂದೆ, ದೂಡುವ ಗಾಲಿ ಹಗುರ. ಹಾಗಾಗಿ ಅಚ್ಚಿನ ಮೇಲೆ ಬರುವಂತೆ ಮೂರು ನಾಲ್ಕು ಉಸುಕಿನ ಚೀಲ ಇಡುವುದು ಸರಿಯಾದ ಉಪಾಯವೇ. ಸವಣೂರಿನ ಎರೆಯಲ್ಲಿ ಕೆಳಗೆ ಸಿಗುವ ಗಟ್ಟಿ ನೆಲ ತುಂಬ ಆಳದಲ್ಲಿದೆ. ಅಲ್ಲಿ ಭಾರ ಹಿಡಿತ ಕೊಡುವುದಿಲ್ಲ, ಇಳಿಸುತ್ತದೆ. ಒಂದೇ ಗಾಡಿ, ಒಂದೇ ಚೀಲ, ಒಂದು ತಾಲ್ಲೂಕಿನಲ್ಲಿ ಮದ್ದು, ಇನ್ನೊಂದರಲ್ಲಿ ರೋಗ. ನಾನು ಬೇಡ ಅನ್ನುವುದು ಬೇಕಾದಾಗ ತೆಗೆಯಲು ಬಾರದ ತೂಕವನ್ನು. ಉಸುಕಿನ ಚೀಲವನ್ನು ಬದುವಿನ ಮೇಲೆ ಇಳಿಸಿ ಹೋಗಬಹುದು. ಬೆಸುಗೆ ಹಾಕಿದ ಕಬ್ಬಿಣವನ್ನು ಇಳಿಸಲಾಗದು.

ತಮ್ಮ: ಸರಿ. ಪಾಟಾ ಕೂಡಿಸಿದರೆ ಗಾಡಿ ಎತ್ತರ ಆಗುತ್ತದಲ್ಲ? ಹೊಟ್ಟೆ ನೆಲಕ್ಕೆ ಹತ್ತುವುದಿಲ್ಲ. ಮಾಲೂ ಹೆಚ್ಚು ಹೇರಬಹುದು.

ಕಾಕಾ: ಗಾಡಿಯ ಕೆಳಗೆ ಬಗ್ಗಿ ನೋಡು. ಹಿಂದಿನ ಎರಡು ಗಾಲಿಗಳ ನಡುವೆ ಒಂದೇ ದಪ್ಪ ಅಚ್ಚು, ಅದರ ನಡುವೆ ಕುಂಬಳಕಾಯಿಯಂಥ ಹೌಸಿಂಗು. ಹೊಲದ ದಾರಿಯ ನಡುದಿಬ್ಬಕ್ಕೆ ಮೊದಲು ತಾಗುವುದು ಅದೇ. ಪಾಟಾ ಇರುವುದು ಆ ಅಚ್ಚಿನ ಮೇಲೆ. ಪಾಟಾ ಕೂಡಿಸಿದರೆ ಅದರ ಮೇಲಿನ ಚಾಸಿ, ತೊಟ್ಟಿ, ಕ್ಯಾಬಿನ್ನು ಏರುತ್ತವೆ. ಹೌಸಿಂಗು ಮೊದಲಿದ್ದ ಎತ್ತರದಲ್ಲೇ ಉಳಿಯುತ್ತದೆ. ಅದನ್ನು ಎತ್ತುವುದು ಟೈರಿನ ವ್ಯಾಸ ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ: ವ್ಯಾಸ ಎರಡು ಇಂಚು ಹೆಚ್ಚಿದರೆ ಹೌಸಿಂಗು ಏರುವುದು ಒಂದೇ ಇಂಚು. ಆ ಒಂದು ಇಂಚಿಗೆ ಕೊಡುವ ಬೆಲೆ ನೋಡು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಎಳೆಯುವ ಬಲ ಕಡಿಮೆಯಾಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ, ಮೀಟರು ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಬಿಗಿ ಪಾಟಾದ ಗಾಡಿ ಖಾಲಿ ಹೋಗುವಾಗ ಕುಪ್ಪಳಿಸುತ್ತದೆ. ಗಾಲಿ ನೆಲ ಬಿಟ್ಟ ಕ್ಷಣ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಹೆಚ್ಚು ಮಾಲು ಹೇರುವ ಮಾತಂತೂ ಬೇಡವೇ ಬೇಡ. ಪಾಟಾ ಕೂಡಿಸಿದ್ದರಿಂದ ಅಚ್ಚಿನ ಬಲ ಹೆಚ್ಚಲಿಲ್ಲ, ಬೇರಿಂಗು ದೊಡ್ಡದಾಗಲಿಲ್ಲ, ಬ್ರೇಕಿನ ಡ್ರಮ್ಮು ಬೆಳೆಯಲಿಲ್ಲ. ಗಾಡಿ ಹಿಂದೆ ಕುಸಿಯದೆ ನೆಟ್ಟಗೆ ನಿಂತಿದೆ ಅನ್ನುವುದರಿಂದ ಭಾರ ಹೆಚ್ಚಾದದ್ದು ಕಣ್ಣಿಗೆ ಕಾಣದೆ ಹೋಗುತ್ತದೆ, ಅಷ್ಟೇ ಬದಲಾವಣೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ಎಂದು ಬರೆದಿದೆ. ಒಂದು ಖೇಪಿನ ಬಾಡಿಗೆ ಅದಕ್ಕೆ ಸಾಲದು.

ತಮ್ಮ: ಮುಂದಿನ ಗಾರ್ಡಾದರೂ ಇರಲಿ ಕಾಕಾ. ರಾತ್ರಿ ಹೊತ್ತು ದನ, ಹಂದಿ ಅಡ್ಡ ಬರುತ್ತವೆ. ರಸ್ತೆಯಲ್ಲಿ ನೋಡಿದರೆ ಎಷ್ಟೋ ಗಾಡಿಗಳಿಗೆ ಇದೆ.

ಕಾಕಾ: ಎಷ್ಟೋ ಗಾಡಿಗಳಿಗೆ ಇದೆ, ಆದರೆ ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಇಂಥ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದಿತು. 1988ರ ಕಾಯ್ದೆಯ 52ನೆಯ ಕಲಮು ನೋಂದಣಿಯಲ್ಲಿ ಇದ್ದದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಂಥ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ಇಟ್ಟಿತು. ದಂಡದ ಭಯ ಬಿಟ್ಟು ಕಾರಣವನ್ನೇ ನೋಡು. ಡಿಕ್ಕಿಯಾದಾಗ ಗಾಡಿಯ ಮೂತಿ ನುಗ್ಗಾಗುತ್ತಾ ಹೊಡೆತ ನುಂಗಬೇಕು. ಚಾಸಿಗೇ ಬಿಗಿದ ಕಬ್ಬಿಣ ಆ ಹೊಡೆತವನ್ನು ನುಂಗದೆ ಒಳಗೆ ಕೂತವರ ಮೈಗೆ ದಾಟಿಸುತ್ತದೆ. ಎದುರಿಗೆ ಸಿಕ್ಕ ಮನುಷ್ಯನ ಗತಿ ಇನ್ನೂ ಕಷ್ಟ. ಹಾಗೆಂದು ಕಬ್ಬಿಣವೇ ಬೇಡ ಅನ್ನುವುದಿಲ್ಲ. ಎಂಜಿನ್ನಿನ ಆಯಿಲ್ ಚೇಂಬರಿನ ಕೆಳಗೆ ಒಂದು ತಗಡು ಇರಲಿ. ಹತ್ತಿ, ತೊಗರಿಯ ಕಟಾವಾದ ಹೊಲದಲ್ಲಿ ಉಳಿದ ಕೂಳೆ ಈಟಿಯ ಹಾಗೆ ನಿಂತಿರುತ್ತದೆ. ಬದುವಿನ ಕಲ್ಲು ಚೇಂಬರು ಒಡೆದರೆ ಆಯಿಲ್ಲು ಸೋರಿ ಎಂಜಿನ್ನೇ ಹೋಗುತ್ತದೆ. ಆ ತಗಡಿಗೆ ತೂತುಗಳಿರಬೇಕು, ನಟ್ಟು ಬಿಚ್ಚಿ ತೆಗೆಯುವಂತಿರಬೇಕು. ಇಲ್ಲದಿದ್ದರೆ ಅದು ಕೆಸರು ತುಂಬಿದ ಬುಟ್ಟಿಯಾಗುತ್ತದೆ. ನೆಲಕ್ಕೂ ಯಂತ್ರಕ್ಕೂ ನಡುವೆ ನಿಂತು ಕೆಲಸ ಮಾಡುವ ವಸ್ತುವಾದರೆ ಅದರ ತೂಕ ಹೊರಬಹುದು. ನೋಡುವವರ ಕಣ್ಣಿಗೆ ಮಾತ್ರ ಕೆಲಸ ಮಾಡುವುದಾದರೆ ಬೇಡ.

ತಮ್ಮ: ಹಾಗಾದರೆ ಈ ರಗಳೆಯೇ ಬೇಡ, ನಾಲ್ಕೂ ಗಾಲಿ ತಿರುಗುವ ಪಿಕಪ್ಪು ತಂದರೆ?

ಕಾಕಾ: ಅದು ನಿಜವಾಗಿ ಕೆಲಸಕ್ಕೆ ಬರುವ ಗಾಡಿ, ಆದರೆ ಅದರಿಂದ ಏನು ಬರುತ್ತದೆ ಏನು ಬರುವುದಿಲ್ಲ ತಿಳಿದುಕೊಂಡು ತರಬೇಕು. ನಾಲ್ಕು ಗಾಲಿಗೆ ಶಕ್ತಿ ಹೋದರೆ ಜಾರುವ ಜಾಗ ದಾಟುವುದು ಸುಲಭ. ಮಣ್ಣು ಭಾರ ತಾಳುವ ಲೆಕ್ಕ ಬದಲಾಗುವುದಿಲ್ಲ. ಕೂಡಿಸಿದ ಗೇರುಪೆಟ್ಟಿಗೆ, ಮುಂದಿನ ಅಚ್ಚು ಇವುಗಳ ತೂಕ ಬೇರೆ. ಇಳಿಜಾರಿನಲ್ಲಿ ನಿಲ್ಲಿಸುವ ಬ್ರೇಕು ಎರಡರಲ್ಲೂ ಒಂದೇ. ಸಾಮಾನ್ಯ ಪಿಕಪ್ಪಿನಲ್ಲಿ ಇರುವ ದೊಡ್ಡ ಕೊರತೆ ಬೇರೆ. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ ಡಿಫರೆನ್ಷಿಯಲ್ಲು ಇನ್ನೊಂದು ಗಾಲಿಗೂ ಅಷ್ಟೇ ಅಲ್ಪ ಬಲ ಕೊಡುತ್ತದೆ. ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಂತು ನೋಡುತ್ತದೆ. ಹಿಂದಿನ ಎರಡೂ ಗಾಲಿಯನ್ನು ಒಂದಾಗಿ ತಿರುಗಿಸುವ ಡಿಫರೆನ್ಷಿಯಲ್ ಲಾಕು ಕಂಪನಿಯಿಂದಲೇ ಬರುವ ಗಾಡಿ ಸಿಕ್ಕರೆ, ನಮ್ಮ ದಾರಿಗೆ ಅದೇ ದೊಡ್ಡ ಉಪಕಾರ.

ತಮ್ಮ: ಕಾಪಾಡಿಕೊಳ್ಳುವ ವಿಷಯ ಹೇಳಿ. ಎಲ್ಲರೂ ಮಾಡುವಂತೆ ಚಾಸಿಗೆ ಹಳೆ ಆಯಿಲ್ಲು ಬಳಿದರೆ ತುಕ್ಕು ಹಿಡಿಯುವುದಿಲ್ಲ ಅಲ್ಲವೇ?

ಕಾಕಾ: ಹಳೆ ಆಯಿಲ್ಲು ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹನಿಹನಿಯಾಗಿ ನಿನ್ನ ಹೊಲಕ್ಕೇ ಬೀಳುತ್ತದೆ. ಅದರ ಕೆಳಗಿನ ಒದ್ದೆ ಮಣ್ಣು ಮಾತ್ರ ಹಾಗೇ ಕೂತಿರುತ್ತದೆ. ತುಕ್ಕಿಗೆ ಬೇಕಾದ್ದು ನೀರು, ಗಾಳಿ. ಉಪ್ಪು ಸೇರಿದರೆ ವೇಗ ಹೆಚ್ಚು. ನಮ್ಮಲ್ಲಿ ಸಮುದ್ರವಿಲ್ಲ, ಆದರೆ ಗೊಬ್ಬರದ ಚೀಲ ಇದೆ. ಪೊಟ್ಯಾಷ್ ಗೊಬ್ಬರ ಅನ್ನುವುದು ಪೊಟ್ಯಾಸಿಯಂ ಕ್ಲೋರೈಡು. ಅಡುಗೆ ಉಪ್ಪಿನ ತಮ್ಮನೇ ಅದು. ಯೂರಿಯಾ ಗಾಳಿಯ ತೇವ ಹೀರಿ ನೀರೊಡೆಯುತ್ತದೆ. ಚೀಲದಿಂದ ಉದುರಿದ ಹಿಡಿ ಗೊಬ್ಬರ ತೊಟ್ಟಿಯ ಮೂಲೆಯಲ್ಲಿ ಕೂತರೆ ಒಂದು ಮಳೆಗಾಲದಲ್ಲಿ ತಗಡು ಜರಡಿಯಾಗುತ್ತದೆ. ಹಾಗಾಗಿ ಗೊಬ್ಬರ ಹೇರುವಾಗ ಕೆಳಗೆ ತಾಡಪಾಲು, ಇಳಿಸಿದ ದಿನವೇ ನೀರು. ಚಾಸಿಯ ಒಳಬದಿಯ ಮಣ್ಣನ್ನು ಕಡ್ಡಿ ಹಾಕಿ ಕೆದಕಿ ತೊಳೆ, ನೀರು ಇಳಿಯುವ ತೂತು ತೆರೆದಿಡು, ಒಣಗಿಸು, ತುಕ್ಕು ಕೆರೆದು ಪ್ರೈಮರು ಹೊಡೆ, ಅದಾದ ಮೇಲೆ ಕೋಟಿಂಗು. ತುಕ್ಕಿನ ಮೇಲೇ ಕೋಟಿಂಗು ಬಳಿಯುವುದು ಹುಣ್ಣಿನ ಮೇಲೆ ಪಟ್ಟಿ ಕಟ್ಟಿ ಕೀವು ಮುಚ್ಚಿದ ಹಾಗೆ. ಇನ್ನು ನೀರು. ವರದಾ, ಧರ್ಮಾ, ಕುಮುದ್ವತಿ ತುಂಬಿದಾಗ ದಂಡೆಯ ದಾರಿಗಳು ಮುಳುಗುತ್ತವೆ; 2019ರ ಆಗಸ್ಟಿನ ನೆರೆಯನ್ನು ಈ ಜಿಲ್ಲೆ ಮರೆತಿಲ್ಲ. ಹರಿಯುವ ನೀರು ಎರಡು ಅಡಿ ಇದ್ದರೆ ಪಿಕಪ್ಪನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಅಲ್ಲಿಗೆ ಯಾವ ಸುಧಾರಣೆಯೂ ಇಲ್ಲ, ನಿಲ್ಲುವುದೊಂದೇ. ನಿಂತ ನೀರಿನಲ್ಲಿ ಮೊಣಕಾಲುದ್ದ ಹೋಗಬೇಕಾದರೆ ಗಮನ ಇರಬೇಕಾದ್ದು ಒಂದು ಸಣ್ಣ ನಳಿಗೆಯ ಮೇಲೆ. ಹೌಸಿಂಗಿನ ಮೇಲೆ ಉಸಿರಾಡುವ ಬ್ರೀದರು ಇರುತ್ತದೆ. ದೂರ ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನ ಸಂದಿಯಿಂದಲೋ ನೀರು ಎಳೆದುಕೊಳ್ಳುತ್ತದೆ. ಆಯಿಲ್ಲಿನ ಬೋಲ್ಟು ಬಿಚ್ಚಿದಾಗ ಜೇನಿನ ಬಣ್ಣದ ಬದಲು ಹಾಲು ಹೆಚ್ಚಾದ ಚಹಾದ ಬಣ್ಣ ಕಂಡರೆ ನೀರು ಹೊಕ್ಕಿದೆ ಎಂದೇ ತಿಳಿ. ಹಾಗೇ ಓಡಿಸಿದರೆ ಕ್ರೌನು, ಬೇರಿಂಗು ಎರಡೂ ಹೋಗುತ್ತವೆ. ಆ ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ತೊಟ್ಟಿಯ ಎತ್ತರಕ್ಕೆ ಒಯ್ದು ಕಟ್ಟಿದರೆ ಮುಗಿಯಿತು. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗಾದ ಅಪಾಯ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಸುಡುವ ಫಿಲ್ಟರು ಇರುತ್ತದೆ, ಸುಡುವಾಗ ಅದು ಭಾರೀ ಬಿಸಿಯಾಗುತ್ತದೆ. ಗೋವಿನಜೋಳದ ಒಣ ರವದಿಯ ಮೇಲೆ ಅಂಥ ಗಾಡಿ ನಿಲ್ಲಿಸಬಾರದು. ಕೆಳಗೆ ಸಿಕ್ಕಿದ ಕಸವನ್ನು ದಿನಾ ಎಳೆದು ಹಾಕಬೇಕು.

ತಮ್ಮ: ನೀವು ಹೇಳುವುದೆಲ್ಲ ಸರಿ. ಆದರೆ ಹೊಲದಲ್ಲಿ ಮಾಲು ರಾಶಿ ಬಿದ್ದಿದೆ, ಮೋಡ ಕವಿದಿದೆ, ವ್ಯಾಪಾರಿ ಪೇಟೆಯಲ್ಲಿ ಕಾಯುತ್ತಿದ್ದಾನೆ. ಸವಣೂರಿನ ವೀಳ್ಯದೆಲೆ ನಾಳೆಗೆ ಕಾಯುವುದಿಲ್ಲ, ಹಾನಗಲ್ಲಿನ ಮಾವೂ ಕಾಯುವುದಿಲ್ಲ. ಆಗ ತೂಕ, ಗಾಳಿ ಅಂತ ಲೆಕ್ಕ ಹಾಕುತ್ತಾ ಕೂರಲಾದೀತೇ?

ಕಾಕಾ: ಅವಸರ ಇದ್ದವನಿಗೇ ಈ ಲೆಕ್ಕ ಹೆಚ್ಚು ಬೇಕು. ಹುಗಿದ ಗಾಡಿ ಪೇಟೆ ಮುಟ್ಟುವುದಿಲ್ಲ. ಎಲೆ ಕೊಯ್ಯುವವರೂ ಮಾವು ಇಳಿಸುವವರೂ ಮಾಲನ್ನು ಹೊತ್ತೋ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಗಟ್ಟಿ ದಾರಿಯ ಅಂಚಿಗೆ ತಂದರೆ ಪಿಕಪ್ಪು ಅಲ್ಲಿಂದ ಎತ್ತಿಕೊಳ್ಳಬಹುದು. ಕೂಲಿ ಹೆಚ್ಚಾಗುತ್ತದೆ, ಒಪ್ಪಿದೆ. ಆದರೆ ಇನ್ನೊಂದು ಖರ್ಚು ಲೆಕ್ಕಕ್ಕೇ ಬರುವುದಿಲ್ಲ: ಹಸಿ ಎರೆಯ ಮೇಲೆ ಭಾರದ ಗಾಲಿ ಹೋದ ಜಾಡಿನಲ್ಲಿ ಮಣ್ಣು ಗಟ್ಟಿಯಾಗಿ, ನೀರು ಇಂಗದೆ ನಿಂತು, ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಹಸಿ ಹೊಲ ತುಳಿಯಬೇಡಿ ಎಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. ಇಷ್ಟೆಲ್ಲ ಆಗಿಯೂ ಸಿಕ್ಕಿಹಾಕಿಕೊಂಡರೆ ಆಕ್ಸಿಲರೇಟರು ಒತ್ತಬೇಡ. ಒತ್ತಿದಷ್ಟೂ ಹೌಸಿಂಗು ಮಣ್ಣಿನ ಮೇಲೆ ಕೂರುತ್ತದೆ. ಮಾಲು ಇಳಿಸು, ಗಾಲಿಯ ಮುಂದಿನ ಮಣ್ಣು ತೆಗೆ, ಜಾಕಿನ ಕೆಳಗೆ ಒಂದು ದಪ್ಪ ಹಲಗೆ ಇಟ್ಟು ಎತ್ತಿ ಗಾಲಿಯ ಕೆಳಗೆ ಗೋಣಿಚೀಲ ಹಾಸು. ಹಲಗೆ ಇಲ್ಲದೆ ಜಾಕು ತಾನೇ ಎರೆಯೊಳಗೆ ಇಳಿಯುತ್ತದೆ. ಟ್ರ್ಯಾಕ್ಟರು ಕಟ್ಟಿ ಎಳೆಯುವಾಗ ಹಗ್ಗವನ್ನು ಬಂಪರಿಗೆ ಕಟ್ಟಬೇಡ, ಚಾಸಿಯ ಕೊಕ್ಕೆಗೇ ಕಟ್ಟು. ಎಳೆತಕ್ಕೆ ಕಿತ್ತು ಹಾರಿದ ಕೊಂಡಿ ಗುಂಡಿನ ಹಾಗೆ ಬರುತ್ತದೆ. ಹಗ್ಗದ ನಡುವೆ ಒಂದು ಒದ್ದೆ ಗೋಣಿ ಹೊದಿಸು, ಸುತ್ತ ಯಾರನ್ನೂ ನಿಲ್ಲಿಸಬೇಡ.

ತಮ್ಮ: ಕೊನೆಗೆ ಮಾತು ಗಾಡಿಯಿಂದ ದಾರಿಗೇ ಬಂತಲ್ಲ ಕಾಕಾ.

ಕಾಕಾ: ಬರಲೇಬೇಕು. ನರೇಗಾ ಅಡಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಹೊಲದ ರಸ್ತೆ ಮಾಡಿದ್ದು ಇದೇ ಕಾರಣಕ್ಕೆ. ಒಬ್ಬ ತನ್ನ ಗಾಡಿಗೆ ಹಾಕಿದ ಹಣ ಆ ಒಂದು ಗಾಡಿಗೆ. ಬದುವಿನುದ್ದಕ್ಕೆ ಬಿದ್ದ ಗರಸು, ನೀರು ಹರಿಯಲು ಇಟ್ಟ ಒಂದು ಸಿಮೆಂಟ್ ಪೈಪು ಊರಿನ ಎಲ್ಲ ಗಾಡಿಗೂ ಸುಧಾರಣೆ. ದಾರಿ ಆಗುವ ತನಕ ನಿನ್ನ ಹಣ ನೆಲದಿಂದ ಮೇಲಕ್ಕೆ ಹೋಗಲಿ: ಮೊದಲು ಭಾರಕ್ಕೆ ತಕ್ಕ ನಾಲ್ಕು ಟೈರು ಮತ್ತು ಒಂದು ಒಳ್ಳೆ ಸ್ಟೆಪ್ನಿ, ಆಮೇಲೆ ಗೇಜು, ಕಂಪ್ರೆಸರು, ಬ್ರೀದರಿನ ಪೈಪು, ಚೇಂಬರಿನ ತಗಡು, ಚಾಸಿಗೆ ಪ್ರೈಮರು, ಒಂದು ಹಲಗೆ, ಒಂದು ಹಗ್ಗ, ನಾಲ್ಕು ಗೋಣಿ. ಇಷ್ಟಕ್ಕೂ ಸೇರಿ ಕೂಡುವ ತೂಕ ಒಬ್ಬ ಆಳಿನ ತೂಕವನ್ನು ದಾಟದು. ಉಳಿದ ಜಾಗದಲ್ಲಿ ಮಾಲು ಹೇರು.